ಮನೆಯಲ್ಲಿ ಹುಡುಗಿ ನೋಡಿದ್ದಾರೆ, ನನಗೆ ಗುರುಮಠದ (ಫಾದರ್ ಆಗಲು ಓದುವ ಸೆಮಿನರಿ) ಕಡೆ ಮನಸ್ಸು. ಏನು ಮಾಡಲಿ?

ಬೈತಖೋಲದ ಹುಡುಗ

ಎಲ್ಲರಿಗೂ ನಮಸ್ಕಾರ. ವಯಸ್ಸು 27. ಬಿ.ಕಾಂ. ಆಗಿದೆ, ಗೋವಾದ ವೆರ್ಣಾದಲ್ಲಿ ಒಂದು ಕಂಪನಿಯ ಸ್ಟೋರ್ಸ್‌ನಲ್ಲಿ ಕೆಲಸ. ಶನಿವಾರ ರಾತ್ರಿ ಕಾರವಾರಕ್ಕೆ ಬಂದು ಸೋಮವಾರ ಬೆಳಗಿನ ರೈಲಿಗೆ ವಾಪಸ್. ಅಪ್ಪ ಮೊದಲು ಬೋಟಿಗೆ ಹೋಗುತ್ತಿದ್ದರು, ಈಗ ಮೊಣಕಾಲು ನೋವು, ದಡದಲ್ಲೇ ಕೂತು ಬಲೆ ರಿಪೇರಿ ಮಾಡುತ್ತಾರೆ. ಅಕ್ಕನ ಮದುವೆ ಆಗಿದೆ.

ಅಂಕೋಲೆ ಕಡೆಯ ಒಂದು ಸಂಬಂಧ ಬಂದಿದೆ. ಹುಡುಗಿ ನರ್ಸ್. ಫೋನಿನಲ್ಲಿ ಮಾತಾಡುತ್ತಿದ್ದೇವೆ. ಸುಳ್ಳು ಯಾಕೆ ಹೇಳಲಿ, ಇಷ್ಟ ಆಗಿದ್ದಾಳೆ. ಎರಡೂ ಮನೆಯವರು ಕ್ರಿಸ್‌ಮಸ್ ಮುಗಿದ ಮೇಲೆ ಮದುವೆ ಅಂತ ಮಾತಾಡಿಕೊಳ್ಳುತ್ತಿದ್ದಾರೆ.

ಆದರೆ ಚಿಕ್ಕಂದಿನಿಂದ ಫಾದರ್ ಆಗಬೇಕು ಅಂತ ಒಂದು ಆಸೆ ಇತ್ತು. ಪಿಯುಸಿ ಆದಾಗ ಮನೆಯಲ್ಲಿ ಸಾಲ ಜಾಸ್ತಿ ಇತ್ತು, ಆ ಮಾತು ಎತ್ತಲೇ ಇಲ್ಲ. ಈ ಸಲ ಈಸ್ಟರ್‌ಗೆ ಮೊದಲಿನ ತಪಸ್ಸು ಕಾಲದಲ್ಲಿ ಧ್ಯಾನಕೂಟಕ್ಕೆ ಹೋದಾಗಿನಿಂದ ಆ ಆಸೆ ಮತ್ತೆ ಎದ್ದು ಕೂತಿದೆ. ಹುಡುಗಿ ಇಷ್ಟ ಆದಳು ಅಂದರೆ ನನಗೆ ದೇವಕರೆ ಇಲ್ಲ ಅಂತ ಅರ್ಥವಾ? ಈ ವಯಸ್ಸಿಗೆ ಸೇರಿಸಿಕೊಳ್ಳುತ್ತಾರಾ? ಮನೆಯಲ್ಲಿ ಇನ್ನೂ ಹೇಳಿಲ್ಲ. ತಿಳಿದವರು ಹೇಳಿ.

ಹೊನ್ನಾವರದ ಅಕ್ಕೋರು

ತಮ್ಮಾ, ಮೊದಲು ಒಂದು ಮಾತು ಹೇಳು. ಇದು ಆ ಹುಡುಗಿಗೆ ಗೊತ್ತಾ?

ಬೈತಖೋಲದ ಹುಡುಗ

ಇಲ್ಲ ಅಕ್ಕೋರೆ.

ಹೊನ್ನಾವರದ ಅಕ್ಕೋರು

ಹಾಗಾದರೆ ನಿನ್ನ ಕರೆ ಯಾವುದು ಅಂತ ಆಮೇಲೆ ನೋಡೋಣ. ಅಲ್ಲಿ ಒಂದು ಹುಡುಗಿ ರಜೆ ಹೊಂದಿಸುತ್ತಾ, ಮನೆಯವರ ಜೊತೆ ಸೀರೆ ಲೆಕ್ಕ ಹಾಕುತ್ತಾ ಕೂತಿರುತ್ತಾಳೆ. ನೀನು ಈ ಕಡೆ ದೇವರ ಹತ್ತಿರ ಸಮಯ ಕೇಳುತ್ತಿದ್ದೀಯ. ಸಮಯ ಕೇಳಬೇಕಾದ್ದು ಅವಳ ಹತ್ತಿರ.

ಗುರುಮಠ ಬಿಟ್ಟವ

ಅಕ್ಕೋರು ಸರಿಯಾಗೇ ಹೇಳಿದ್ದಾರೆ. ನಾನು ಉಳಿದ ಪ್ರಶ್ನೆಗಳಿಗೆ ಬರುತ್ತೇನೆ. ಪಿಯುಸಿ ಆದ ಮೇಲೆ ಗುರುಮಠ ಸೇರಿದ್ದೆ, ತತ್ವಶಾಸ್ತ್ರದ ಓದು ಮುಗಿದಾಗ ಹೊರಗೆ ಬಂದೆ. ಈಗ ಶಿರಸಿಯಲ್ಲಿ ಹಾರ್ಡ್‌ವೇರ್ ಅಂಗಡಿ, ಹೆಂಡತಿ, ಎರಡು ಮಕ್ಕಳು.

ಹುಡುಗಿ ಇಷ್ಟ ಆದರೆ ಕರೆ ಇಲ್ಲ ಅನ್ನೋದು ತಪ್ಪು. ಪ್ರವೇಶಕ್ಕೆ ಮೊದಲು ನಮ್ಮ ಹತ್ತಿರ ಮಾತಾಡಿದ ಫಾದರ್ ಇದನ್ನೇ ಕೆದಕಿದ್ದರು. ‘ಮದುವೆ ಆಗಬೇಕು ಅಂತ ಯಾವತ್ತೂ ಅನಿಸಿಲ್ವಾ?’ ಅಂದರು. ಅನಿಸಿದೆ ಅಂತ ಹೆದರುತ್ತಾ ಹೇಳಿದೆ. ‘ಸರಿ, ಅನಿಸಿಲ್ಲ ಅಂದಿದ್ದರೆ ನಿನ್ನ ಜೊತೆ ಇನ್ನೂ ಜಾಸ್ತಿ ಹೊತ್ತು ಕೂರಬೇಕಾಗ್ತಿತ್ತು’ ಅಂದರು. ಒಳ್ಳೆಯ ಗಂಡ, ಒಳ್ಳೆಯ ಅಪ್ಪ ಆಗೋ ಗುಣ ಇಲ್ಲದವನು ಧರ್ಮಕೇಂದ್ರದ (ಒಂದು ಚರ್ಚಿಗೆ ಸೇರಿದ) ಜನರನ್ನು ಹೇಗೆ ನೋಡಿಕೊಳ್ತಾನೆ ಅನ್ನೋದು ಅವರ ವಾದ. ಇಷ್ಟವೇ ಇಲ್ಲದ್ದನ್ನು ಬಿಟ್ಟರೆ ಅದು ತ್ಯಾಗ ಹೇಗಾಗುತ್ತೆ?

ವಯಸ್ಸಿನ ಮಾತು. ಕ್ಯಾಥೋಲಿಕ್ ಸಭೆಯ ಕಾನೂನಿನಲ್ಲಿ 25 ತುಂಬದೆ ಗುರುದೀಕ್ಷೆ (ಫಾದರ್ ಪದವಿ) ಕೊಡುವ ಹಾಗಿಲ್ಲ. ತತ್ವಶಾಸ್ತ್ರಕ್ಕೆ ಎರಡು, ದೇವಶಾಸ್ತ್ರಕ್ಕೆ ನಾಲ್ಕು, ಅಂತೂ ಕನಿಷ್ಠ ಆರು ವರ್ಷದ ಓದು. ಅದರ ಹಿಂದೆ ಮುಂದೆ ತಯಾರಿಯ ವರ್ಷ, ಧರ್ಮಕೇಂದ್ರದಲ್ಲಿ ಇದ್ದು ಕಲಿಯೋ ವರ್ಷ ಎಲ್ಲ ಸೇರುತ್ತೆ. ಡೀಕನ್ (ಫಾದರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಪದವಿ) ಆದ ಮೇಲೂ ಗುರುದೀಕ್ಷೆಗೆ ಆರು ತಿಂಗಳ ಅಂತರ ಇರಬೇಕು. ನೀನು ಈಗ ಹೋದರೆ ಹೊರಬರುವಾಗ ಮೂವತ್ತೈದು ದಾಟಿರುತ್ತೆ. ಕೆಲಸ ಮಾಡಿ, ಸಂಬಳ ಎಣಿಸಿ, ಆಮೇಲೆ ಬರುವವರು ಈಗ ಹೊಸಬರೇನಲ್ಲ. ಆದರೆ ಸೇರಿಸಿಕೊಳ್ಳೋದು ಬಿಡೋದು ಧರ್ಮಾಧ್ಯಕ್ಷರಿಗೆ (ಬಿಷಪ್) ಬಿಟ್ಟದ್ದು. ನಿನ್ನ ಫಾದರ್ ಮೂಲಕ ದೇವಕರೆಯ ಜವಾಬ್ದಾರಿ ಇರುವ ಗುರುಗಳನ್ನು ಕಾಣು.

ಇನ್ನೊಂದು ವಿಷಯ ಜನ ಗಮನಿಸಲ್ಲ. ಗುರುದೀಕ್ಷೆಯ ಪೂಜೆ ನೋಡಿದ್ದೀಯಲ್ಲ? ಹುಡುಗನ ಹೆಸರು ಕರೀತಾರೆ. ಅವನು ಎದ್ದು ‘ಇದ್ದೇನೆ’ ಅಂತಾನೆ. ಧರ್ಮಾಧ್ಯಕ್ಷರು ಅವನನ್ನು ಏನೂ ಕೇಳದೆ, ಕರೆತಂದ ಗುರುಗಳನ್ನು ಕೇಳ್ತಾರೆ, ಇವನು ಯೋಗ್ಯ ಅಂತ ನಿಮಗೆ ಗೊತ್ತಾ ಅಂತ. ಜನರನ್ನು ವಿಚಾರಿಸಿ, ಕಲಿಸಿದವರನ್ನು ಕೇಳಿ ತಿಳಿದಿದ್ದೇವೆ ಅಂತ ಅವರು ಉತ್ತರ ಕೊಡಬೇಕು. ಅಂದರೆ ನನಗೆ ಒಳಗೆ ಅನಿಸಿತು ಅನ್ನೋದು ಅರ್ಧ ಮಾತ್ರ. ಉಳಿದರ್ಧ ಬೇರೆಯವರ ಬಾಯಿಂದ ಬರಬೇಕು. ನೀನು ಒಬ್ಬನೇ ರೈಲಿನಲ್ಲಿ ಕಿಟಕಿ ಹೊರಗೆ ನೋಡ್ತಾ ತೀರ್ಮಾನ ಮಾಡೋ ವಿಷಯ ಇದಲ್ಲ.

ಶಿರಸಿ ಅಡಿಕೆ

ನಾನು ಹವ್ಯಕ, ನಿಮ್ಮವನಲ್ಲ. ಕಾಲೇಜಿನಲ್ಲಿ ಜೊತೆಗಿದ್ದ ಕ್ರಿಶ್ಚಿಯನ್ ಗೆಳೆಯರಿಂದಾಗಿ ಇಲ್ಲಿ ಓದುತ್ತಾ ಇರ್ತೇನೆ. ನಮ್ಮ ಕಡೆ ಸ್ವರ್ಣವಲ್ಲಿ ಮಠ, ಸೋದೆ ಮಠ ಇವೆ. ಶಿಷ್ಯ ಸ್ವೀಕಾರ ಆದಾಗ ಸೀಮೆಗೇ ಸೀಮೆ ಸೇರುತ್ತೆ. ನಮ್ಮಲ್ಲಿ ಒಂದು ಮಠಕ್ಕೆ ಒಬ್ಬರು, ಬಹಳ ಅಂದರೆ ಇಬ್ಬರು. ಉಳಿದವರಿಗೆಲ್ಲ ಗೃಹಸ್ಥಾಶ್ರಮ. ಹಾಗಾಗಿ ಊರಿನ ಹುಡುಗರೆಲ್ಲ ಕೂತು ‘ನಾನು ಯಾವುದು’ ಅಂತ ಯೋಚಿಸೋ ಪದ್ಧತಿ ಇಲ್ಲ. ನಿಮ್ಮಲ್ಲಿ ಮದುವೆ ಆಗುವವರಿಗೂ ಕರೆ ಅಂತೀರಲ್ಲ, ಅದು ನಿಜವಾಗಿ ನಂಬಿಕೆಯಾ ಅಥವಾ ಉಳಿದವರಿಗೆ ಬೇಜಾರಾಗಬಾರದು ಅಂತ ಹೇಳೋದಾ?

ಅಂದಹಾಗೆ ನಮ್ಮಲ್ಲಿ ತೋಟ ನೋಡಿಕೊಂಡಿರೋ ಹುಡುಗರಿಗೆ ಮದುವೆಯ ಕರೆ ಗಟ್ಟಿಯಾಗೇ ಇದೆ. ಹೆಣ್ಣಿನ ಕಡೆಯಿಂದ ಕರೆ ಬರ್ತಾ ಇಲ್ಲ, ಅಷ್ಟೇ.

ಹಳಿಯಾಳದ ಸಿಸ್ಟರ್

ಅಡಿಕೆಯವರ ಪ್ರಶ್ನೆ ಒಳ್ಳೆಯದು, ನಗಿಸಿದ್ದೂ ಆಯಿತು. ನೇರವಾಗಿ ಹೇಳುತ್ತೇನೆ. ಬಹಳ ಕಾಲ ಸಭೆ ಎರಡನ್ನೂ ಸಮ ಅಂತ ಹೇಳಿರಲಿಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆ, ಬ್ರಹ್ಮಚರ್ಯಕ್ಕಿಂತ ಮದುವೆಯೇ ಮೇಲು ಅನ್ನುವವರನ್ನು ಸಭೆಯಿಂದ ಹೊರಗಿಟ್ಟಿತು. ಅದೇ ಮಹಾಸಭೆ ಮದುವೆಯನ್ನು ಏಳು ಸಂಸ್ಕಾರಗಳಲ್ಲಿ ಒಂದು ಅಂತ ಗಟ್ಟಿಯಾಗಿ ಹಿಡಿದಿತ್ತು, ಅದನ್ನೂ ಮರೆಯಬಾರದು. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ, ಪವಿತ್ರರಾಗುವ ಕರೆ ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ ಇದೆ ಅಂತ ಬಿಡಿಸಿ ಹೇಳಿತು. ಆ ಕರೆ ಒಂದೇ. ಮದುವೆ, ಗುರುದೀಕ್ಷೆ, ಕನ್ಯಾಮಠ (ಸಿಸ್ಟರ್‌ಗಳ ಕಾನ್ವೆಂಟ್) ಇವೆಲ್ಲ ಅದನ್ನು ಬದುಕುವ ರೀತಿಗಳು.

ಒಂದು ತಮಾಷೆ ನೋಡಿ. ಗುರುದೀಕ್ಷೆ ಕೊಡುವುದು ಧರ್ಮಾಧ್ಯಕ್ಷರು. ನಮ್ಮ ಲ್ಯಾಟಿನ್ ರೀತಿಯಲ್ಲಿ ವಿವಾಹ ಸಂಸ್ಕಾರ ಕೊಡುವುದು ಫಾದರ್ ಅಲ್ಲವೇ ಅಲ್ಲ. ಗಂಡು ಹೆಣ್ಣು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ. ಫಾದರ್ ಸಭೆಯ ಪರವಾಗಿ ಒಪ್ಪಿಗೆ ಕೇಳಿ ಪಡೆಯುವವರು, ಜೊತೆಗೆ ಇಬ್ಬರು ಸಾಕ್ಷಿಗಳು. ಇಷ್ಟು ದೊಡ್ಡ ಅಧಿಕಾರ ತಮ್ಮ ಕೈಯಲ್ಲಿದೆ ಅಂತ ಎಷ್ಟು ವಧುವರರಿಗೆ ಗೊತ್ತಿರುತ್ತೆ? ಆ ಹೊತ್ತಿಗೆ ಅವರ ಗಮನ ವಿಡಿಯೋದವನ ಕಡೆ.

ಇನ್ನು ಜನ ಮಾಡುವ ಭೇದದ ಮಾತು. ಊರಿನ ಹುಡುಗ ಫಾದರ್ ಆದರೆ ರಸ್ತೆಯಿಂದಲೇ ಬ್ಯಾಂಡ್, ಬ್ಯಾನರ್, ಹಾರ. ಮೊದಲ ಪೂಜೆಗೆ ಮುನ್ನೂರು ಜನಕ್ಕೆ ಊಟ. ನನ್ನ ಕೊನೆಯ ವ್ರತದ ದಿನ ಅಪ್ಪ ಅಮ್ಮ, ಅಣ್ಣ, ಇಬ್ಬರು ಚಿಕ್ಕಮ್ಮಂದಿರು ಬಸ್ಸಿನಲ್ಲಿ ಬಂದು ಹೋದರು. ನನಗೆ ಅದರಿಂದ ನೋವಿಲ್ಲ, ಆದರೆ ಗಮನಿಸದೆ ಇರಲು ನನಗೇನು ಕಣ್ಣಿಲ್ಲವಾ? ಕನ್ಯಾಮಠದ ದಾರಿಯೂ ಚಿಕ್ಕದಲ್ಲ. ನವದೀಕ್ಷಿತೆಯಾಗಿ ಕನಿಷ್ಠ ಹನ್ನೆರಡು ತಿಂಗಳು, ಆಮೇಲೆ ಮೂರರಿಂದ ಆರು ವರ್ಷ ತಾತ್ಕಾಲಿಕ ವ್ರತ, ಅದಾದ ಮೇಲೆ ಶಾಶ್ವತ ವ್ರತ. ತಾತ್ಕಾಲಿಕ ವ್ರತದ ಅವಧಿ ಮುಗಿದಾಗ ಬಿಟ್ಟು ಹೋಗುವ ಸ್ವಾತಂತ್ರ್ಯ ಇದೆ. ಇಷ್ಟು ಉದ್ದ ಇಟ್ಟಿರುವುದೇ ಅದಕ್ಕಾಗಿ.

ಗುರುಮಠ ಬಿಟ್ಟವ

ಬಿಟ್ಟು ಹೋಗುವ ಸ್ವಾತಂತ್ರ್ಯ ಕಾಗದದ ಮೇಲೆ ಇದೆ ಸಿಸ್ಟರ್. ಊರಿನಲ್ಲಿ ಇಲ್ಲ. ನಾನು ವಾಪಸ್ ಬಂದ ಭಾನುವಾರ ಇಗರ್ಜಿ (ಚರ್ಚ್) ಮೆಟ್ಟಿಲ ಮೇಲೆ ಒಬ್ಬರು ಕೇಳಿದ್ದು, ‘ಏನು ಮಾಡಿದೆ? ಓಡಿಸಿದ್ರಾ?’ ಅಂತ. ಇನ್ನೊಬ್ಬರು ಅಮ್ಮನ ಕೈ ಹಿಡಿದು ಸಮಾಧಾನ ಹೇಳುತ್ತಿದ್ದರು, ನಾನು ಸತ್ತಿದ್ದೇನೆ ಅನ್ನೋ ಹಾಗೆ. ಗುರುಮಠದ ಮುಖ್ಯಸ್ಥರಾದ ನನ್ನ ರೆಕ್ಟರ್ ಮಾತ್ರ ಬೆನ್ನು ತಟ್ಟಿ, ‘ನೀನು ಸರಿಯಾದ ಸಮಯಕ್ಕೆ ಸರಿಯಾದ ಉತ್ತರ ಕಂಡುಕೊಂಡೆ, ಗುರುಮಠ ತನ್ನ ಕೆಲಸ ಮಾಡಿತು’ ಅಂದರು. ದೀಕ್ಷೆ ಆದ ಹತ್ತು ವರ್ಷಕ್ಕೆ ಗೊತ್ತಾಗೋದಕ್ಕಿಂತ ಇದು ಎಷ್ಟೋ ವಾಸಿ ಅಲ್ವಾ?

ಮದುವೆ ಮಾತುಕತೆಯಲ್ಲೂ ಅದೇ ಕಥೆ. ‘ಹುಡುಗ ಒಳ್ಳೆಯವನು, ಆದರೆ ಸೆಮಿನರಿ ಬಿಟ್ಟವನಂತೆ.’ ಆ ‘ಆದರೆ’ ದಾಟೋಕೆ ಸುಮಾರು ಕಾಲ ಹಿಡೀತು.

ಅಂಕೋಲೆ ಅಮ್ಮ

ನಾನು ತಾಯಿ, ತಾಯಿ ಕಡೆಯ ಮಾತು ಹೇಳ್ತೇನೆ. ಎಲ್ಲರೂ ದೇವರು, ಕರೆ ಅಂತೀರಿ. ಒಬ್ಬನೇ ಮಗ. ಅಪ್ಪನಿಗೆ ಕಾಲು ನೋವು. ನಾಳೆ ಆಸ್ಪತ್ರೆಗೆ ಯಾರು ಕರ್ಕೊಂಡು ಹೋಗಬೇಕು? ಮೊದಲೆಲ್ಲ ಮನೆಗೆ ಏಳೆಂಟು ಮಕ್ಕಳು. ಒಬ್ಬ ಬೋಟಿಗೆ, ಒಬ್ಬ ಮುಂಬೈಗೆ, ಒಬ್ಬ ಇಗರ್ಜಿಗೆ. ಈಗ ಒಬ್ಬ, ಇಬ್ಬರು. ಭಾನುವಾರ ಪೂಜೆಯಲ್ಲಿ ದೇವಕರೆಗಾಗಿ ಪ್ರಾರ್ಥನೆ ಮಾಡ್ತೀವಿ, ಎಲ್ಲರೂ ಪಕ್ಕದ ಮನೆಯ ಹುಡುಗನ್ನ ನೆನೆಸಿಕೊಂಡು ಆಮೆನ್ ಅಂತೀವಿ. ನಾನೂ ಹಾಗೇ.

ಆದ್ರೂ ಮಗಾ, ಮನೆಯಲ್ಲಿ ಹೇಳು. ನಿನ್ನ ಅಮ್ಮನಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಲ್ಲ, ಅದೇ ನಗು ಬರೋದು.

ಪ್ರಶ್ನೆ ಕೇಳುವವ

ಇಷ್ಟೆಲ್ಲ ಒದ್ದಾಟ ಯಾಕೆ? ಫಾದರ್‌ಗಳಿಗೆ ಮದುವೆ ಆಗೋಕೆ ಬಿಟ್ಟರೆ ಮುಗೀತು. ಯೇಸುವಿನ ಶಿಷ್ಯ ಪೇತ್ರನಿಗೇ ಅತ್ತೆ ಇದ್ದಳು. ಅವಳಿಗೆ ಜ್ವರ ಬಂದಿದ್ದು ಬೈಬಲ್ಲಿನಲ್ಲಿ ಮಾರ್ಕನ ಮೊದಲ ಅಧ್ಯಾಯದಲ್ಲೇ ಇದೆ. ಅತ್ತೆ ಇದ್ದ ಮೇಲೆ ಹೆಂಡತಿ ಇರಲೇಬೇಕಲ್ಲ?

ಗುರುಮಠ ಬಿಟ್ಟವ

ನಿಜ. ಬ್ರಹ್ಮಚರ್ಯ ಸಭೆಯ ಶಿಸ್ತು, ಬದಲಾಗಲೇಬಾರದ ನಂಬಿಕೆಯ ವಿಷಯ ಅಲ್ಲ. ಲ್ಯಾಟಿನ್ ಅಲ್ಲದ, ಪೂರ್ವ ದಿಕ್ಕಿನ ರೀತಿಯ ಕ್ಯಾಥೋಲಿಕ್ ಸಭೆಗಳಲ್ಲಿ ಮದುವೆಯಾದ ಗುರುಗಳು ಇವತ್ತೂ ಇದ್ದಾರೆ. ಆದರೆ ಅಲ್ಲೂ ದೀಕ್ಷೆಗೆ ಮೊದಲೇ ಮದುವೆ ಆಗಿರಬೇಕು, ದೀಕ್ಷೆ ಆದ ಮೇಲೆ ಇಲ್ಲ. ಪಶ್ಚಿಮದಲ್ಲಿ 1139ರ ಲ್ಯಾಟರನ್ ಮಹಾಸಭೆಯಿಂದ ಗುರುಗಳು ಮಾಡಿಕೊಂಡ ಮದುವೆ ಮದುವೆಯೇ ಅಲ್ಲ ಅಂತ ಆಯಿತು. 1967ರಲ್ಲಿ ಆರನೇ ಪೌಲ್ ಪೋಪ್ ಅದನ್ನೇ ಮತ್ತೆ ಎತ್ತಿ ಹಿಡಿದರು. ಅದೇ ವರ್ಷ ಶಾಶ್ವತ ಡೀಕನ್ ಪದವಿಯನ್ನು ತಿರುಗಿ ತಂದರು. ಅದಕ್ಕೆ ಮದುವೆಯಾದವರೂ ಆಗಬಹುದು, 35 ತುಂಬಿರಬೇಕು, ಹೆಂಡತಿಯ ಒಪ್ಪಿಗೆ ಬೇಕು. ಆದರೆ ಈ ಹುಡುಗ ಪೋಪ್‌ರ ತೀರ್ಮಾನಕ್ಕೆ ಕಾಯುತ್ತಾ ಕೂರೋಕಾಗಲ್ಲ. ಅವನ ಕ್ರಿಸ್‌ಮಸ್ ಹತ್ತಿರ ಬರ್ತಿದೆ.

ಪಾಸ್ಟರ್ ಮನೆಯಾಕೆ

ನಾವು ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಸಭೆ), ನಮ್ಮೆಜಮಾನರು ಪಾಸ್ಟರ್. ಸದ್ಯ ಹುಬ್ಬಳ್ಳಿ ಕಡೆ ಇದ್ದೇವೆ, ತವರು ಶಿರಸಿ. ಮದುವೆಗೆ ಬಿಟ್ಟರೆ ಎಲ್ಲ ಸರಿಯಾಗುತ್ತೆ ಅನ್ನುವವರಿಗೆ ನಮ್ಮ ಮನೆಗೆ ಒಂದು ವಾರ ಬಂದು ಇರಿ ಅಂತೀನಿ.

ನಮ್ಮಲ್ಲಿ, ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ ಕಾಲದಿಂದಲೂ ಇದು ಇದೆ. ಸನ್ಯಾಸಿಯಾಗಿದ್ದ ಲೂಥರ್, ಸನ್ಯಾಸಿನಿಯಾಗಿದ್ದ ಕ್ಯಾಥರೀನಾ ಫೊನ್ ಬೋರಾ 1525ರಲ್ಲಿ ಮದುವೆ ಆದರು. ಆಕೆಯೇ ಮನೆ, ಹೊಲ, ದನ, ಬಿಯರ್ ತಯಾರಿ ಎಲ್ಲ ನೋಡಿಕೊಂಡವರು. ನಮ್ಮ ಕನ್ನಡ ನಾಡಿಗೆ 1834ರಿಂದ ಬಂದ ಬಾಸೆಲ್ ಮಿಷನ್‌ನವರ ಕಥೆ ಇನ್ನೂ ವಿಚಿತ್ರ. ಮಿಷನರಿ ಮದುವೆ ಆಗಬೇಕಾದರೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಕಮಿಟಿಯ ಅನುಮತಿ ಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳು ಮುಖ ಕೂಡ ನೋಡದ ಗಂಡಿಗೆ ಒಪ್ಪಿ ಹಡಗು ಹತ್ತಿ ಬಂದರು. ಕರೆ ಬಂದದ್ದು ಗಂಡನಿಗಾ, ಅವಳಿಗಾ, ಕಮಿಟಿಗಾ ಅಂತ ನಾನು ಯಾವಾಗಲೂ ಯೋಚಿಸ್ತೀನಿ.

ಈಗಲೂ ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದರೆ ಎದ್ದು ಟೀ ಇಡೋದು ನಾನು. ವರ್ಗ ಆದಾಗಲೆಲ್ಲ ಮಕ್ಕಳ ಶಾಲೆ ಬದಲು. ಸಂಡೇ ಸ್ಕೂಲ್, ಸ್ತ್ರೀಯರ ಕೂಟ, ಗಾಯನ, ಸಂಬಳ ಮಾತ್ರ ಒಂದೇ. ನನಗೆ ಈ ಬದುಕು ಇಷ್ಟ. ಆದರೆ ಎರಡು ಕರೆ ಒಂದೇ ಮನೆಯಲ್ಲಿದ್ದರೆ ಕೆಲಸ ಅರ್ಧ ಆಗಲ್ಲ, ಎರಡರಷ್ಟು ಆಗುತ್ತೆ.

ಹೊನ್ನಾವರದ ಅಕ್ಕೋರು

ಚಪ್ಪಾಳೆ ನಿಮಗೆ.

ಬೈತಖೋಲದ ಹುಡುಗ

ಎಲ್ಲ ಓದಿದೆ. ಭಯ ಏನಂದರೆ, ಗುರುಮಠಕ್ಕೆ ಹೋಗಿ ಅಲ್ಲಿ ಆಗಲ್ಲ ಅಂದರೆ ಹುಡುಗಿಯೂ ಇಲ್ಲ, ಕೆಲಸವೂ ಇಲ್ಲ. ಮದುವೆ ಆಗಿ ಹತ್ತು ವರ್ಷದ ಮೇಲೂ ಈ ಆಸೆ ಹೋಗದಿದ್ದರೆ? ದೇವರು ಒಂದೇ ದಾರಿ ಇಟ್ಟಿದ್ದು ನಾನು ತಪ್ಪು ದಾರಿ ಹಿಡಿದರೆ?

ಹಳಿಯಾಳದ ಸಿಸ್ಟರ್

ದೇವರು ಉತ್ತರಪತ್ರಿಕೆ ಬಚ್ಚಿಟ್ಟುಕೊಂಡು ಕೂತಿಲ್ಲ. ಫ್ರಾನ್ಸ್‌ನ ಅಲಾನ್ಸೋನ್ ಪಟ್ಟಣದ ಲೂಯಿ ಮಾರ್ಟಿನ್, ಝೆಲಿ ಮಾರ್ಟಿನ್ ಕೇಳಿದ್ದೀಯಾ? ಸಂತಳಾದ ಪುಟ್ಟ ತೆರೇಸಾಳ ತಂದೆ ತಾಯಿ. ಲೂಯಿಗೆ ಯುವಕನಾಗಿದ್ದಾಗ ಮಠ ಸೇರುವ ಆಸೆ, ಲ್ಯಾಟಿನ್ ಬರಲ್ಲ ಅಂತ ಸೇರಿಸಿಕೊಳ್ಳಲಿಲ್ಲ. ಝೆಲಿಯನ್ನೂ ಸಿಸ್ಟರ್‌ಗಳು ಬೇಡ ಅಂದರು. ಅವನು ಗಡಿಯಾರದ ಅಂಗಡಿ ಇಟ್ಟ, ಅವಳು ಲೇಸ್ ವ್ಯಾಪಾರ ಮಾಡಿದಳು, 1858ರಲ್ಲಿ ಮದುವೆ ಆದರು. ಮೊದಲ ಕೆಲವು ತಿಂಗಳು ಮನೆಯೊಳಗೇ ಮಠದವರ ಹಾಗೆ ಬದುಕಲು ನೋಡಿದರು! ಒಬ್ಬ ಗುರುಗಳು ಬುದ್ಧಿ ಹೇಳಿದ ಮೇಲೆ ಸಂಸಾರ ಶುರುವಾಯಿತು. ಒಂಬತ್ತು ಮಕ್ಕಳಲ್ಲಿ ನಾಲ್ಕು ಚಿಕ್ಕ ವಯಸ್ಸಿನಲ್ಲೇ ಹೋದವು. ಉಳಿದ ಐದು ಹೆಣ್ಣುಮಕ್ಕಳೂ ಕನ್ಯಾಮಠ ಸೇರಿದರು. 2015ರಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಸಂತರು ಅಂತ ಸಾರಿದರು. ಮಠದವರು ಬೇಡ ಅಂದದ್ದಕ್ಕೆ ಅವರ ಕರೆ ಕೆಟ್ಟುಹೋಯಿತಾ?

ನಮ್ಮ ದೇಶದಲ್ಲೇ ನೋಡು. 2022ರಲ್ಲಿ ಸಂತರಾದ ದೇವಸಹಾಯಂ ಪಿಳ್ಳೆ ಫಾದರ್ ಅಲ್ಲ, ಬ್ರದರ್ ಅಲ್ಲ. ತಿರುವಾಂಕೂರಿನ ಅರಮನೆಯ ಕೆಲಸದಲ್ಲಿದ್ದ, ಮದುವೆಯಾದ ಮನುಷ್ಯ.

ಯೇಸುಸಭೆ (ಜೆಸ್ವಿಟ್) ಕಟ್ಟಿದ ಸಂತ ಇಗ್ನೇಷಿಯಸ್ ಹೇಳಿದ ಒಂದು ಪದ್ಧತಿ ನಾವು ಈಗಲೂ ಬಳಸುತ್ತೇವೆ. ಮನಸ್ಸು ಬಾಡಿದಾಗ, ಪ್ರಾರ್ಥನೆ ಒಣಗಿದಾಗ ಹಳೆಯ ತೀರ್ಮಾನ ಬದಲಿಸಬೇಡ. ಹಾಗೇ ಧ್ಯಾನಕೂಟದ ಮಾರನೇ ದಿನದ ಉತ್ಸಾಹದಲ್ಲೂ ಹಾರಬೇಡ. ಕೆಲವು ದಿನ ನೀನು ಗುರುಮಠಕ್ಕೆ ಹೋಗುವುದು ಖಚಿತ ಅಂತ ಅಂದುಕೊಂಡು ಬದುಕು. ವೆರ್ಣಾಕ್ಕೆ ಹೋಗು, ಸ್ಟೋರ್ಸ್ ಲೆಕ್ಕ ಬರಿ, ಆದರೆ ಆ ತೀರ್ಮಾನ ಆಗಿದೆ ಅಂತ ಇರಲಿ. ಆಮೇಲೆ ಕೆಲವು ದಿನ ಮದುವೆ ಖಚಿತ ಅಂತ ಇರು. ಯಾವುದರಲ್ಲಿ ಮನಸ್ಸು ತಣ್ಣಗೆ ಉಳಿಯುತ್ತೆ, ಯಾವುದರಲ್ಲಿ ಮೊದಲು ಖುಷಿಯಾಗಿ ಆಮೇಲೆ ಬರಿದಾಗುತ್ತೆ, ಬರೆದಿಡು. ಬರೆದದ್ದನ್ನು ಒಬ್ಬ ಒಳ್ಳೆಯ ಗುರುಗಳಿಗೋ ಸಿಸ್ಟರ್‌ಗೋ ತೋರಿಸು. ನಿನ್ನನ್ನು ಗುರುಮಠಕ್ಕೆ ಸೇರಿಸುವ ಆಸೆ ಇರುವವರಿಗೇ ತೋರಿಸಬೇಡ. ಅವರದ್ದು ಒಳ್ಳೆಯ ಮನಸ್ಸೇ, ಆದರೆ ತಕ್ಕಡಿ ಸ್ವಲ್ಪ ವಾಲಿರುತ್ತೆ.

ಗುರುಮಠ ಬಿಟ್ಟವ

ಇದಕ್ಕೆ ಒಂದೇ ಸೇರಿಸುತ್ತೇನೆ. ಒತ್ತಾಯದಿಂದ ಆದ ಮದುವೆ ಸಭೆಯ ಕಾನೂನಿನಲ್ಲಿ ಮದುವೆಯೇ ಅಲ್ಲ. ಯಾರನ್ನಾದರೂ ಒತ್ತಾಯಿಸಿ ಗುರುದೀಕ್ಷೆಗೆ ತಳ್ಳುವುದೂ ನಿಷಿದ್ಧ. ಮದುವೆ ಪೂಜೆಯಲ್ಲಿ ಫಾದರ್ ಕೇಳುವ ಮೊದಲ ಪ್ರಶ್ನೆ, ಯಾರ ಬಲವಂತವೂ ಇಲ್ಲದೆ ಮನಸಾರೆ ಬಂದಿದ್ದೀರಾ ಅಂತ. ಅಮ್ಮನ ಕಣ್ಣೀರು, ಹಾಲ್ ಬುಕಿಂಗ್, ‘ಜನ ಏನಂತಾರೆ’ ಇವೆಲ್ಲ ಒತ್ತಾಯವೇ. ಧ್ಯಾನಕೂಟದ ವೇದಿಕೆಯಿಂದ ‘ಯೇಸು ನಿನ್ನನ್ನೇ ಕರೆಯುತ್ತಿದ್ದಾನೆ’ ಅಂತ ಮೈಕಿನಲ್ಲಿ ಅಳಿಸುವುದೂ ಒಂಥರಾ ಒತ್ತಾಯವೇ, ಬೇಜಾರಾಗಬೇಡಿ.

ಬೈತಖೋಲದ ಹುಡುಗ

ಮನೆಯಲ್ಲಿ ಹೇಳಿದೆ. ಅಪ್ಪ ಏನೂ ಮಾತಾಡಲಿಲ್ಲ, ಬಲೆಯ ಗಂಟು ಬಿಗಿಯುತ್ತಲೇ ಇದ್ದರು. ಅಮ್ಮ, ‘ನೀನು ಏಳನೇ ಕ್ಲಾಸಿನಲ್ಲಿ ಬಿಸ್ಕತ್ತು ಇಟ್ಟುಕೊಂಡು, ಪೂಜೆಯಲ್ಲಿ ಫಾದರ್ ಕೊಡೋ ಹಾಗೆ ತಂಗಿಗೆ ಪರಮಪ್ರಸಾದ ಕೊಡ್ತಿದ್ದೆ, ನನಗೆ ಗೊತ್ತಿಲ್ವಾ’ ಅಂದರು. ಚಿಕ್ಕಪ್ಪನ ಮಗಳಿಗೆ ಅದು. ಆಮೇಲೆ ಜೋರಾಗಿ ಅತ್ತರು. ಅಂಕೋಲೆ ಅಮ್ಮ, ನೀವು ಹೇಳಿದ್ದು ನಿಜ ಆಯಿತು.

ಹುಡುಗಿಗೂ ಹೇಳಿದೆ. ಫೋನಿನಲ್ಲಿ ಅಲ್ಲ, ಅಂಕೋಲೆಗೆ ಹೋಗಿ. ಅವಳು ಕೇಳಿದ್ದು ಒಂದೇ: ‘ನಾನು ಕಾಯಬೇಕಾ, ಬೇಡವಾ, ಅದನ್ನು ಸರಿಯಾಗಿ ಹೇಳು.’ ಕಾಯಬೇಡ ಅಂದೆ. ನನಗೆ ಇನ್ನೂ ಪೂರ್ತಿ ತಿಳಿದಿಲ್ಲ, ಆದರೆ ನನ್ನ ತಿಳಿಯದಿರುವಿಕೆಯಲ್ಲಿ ಅವಳನ್ನು ಕೂರಿಸಿಡೋದು ಸರಿ ಅಲ್ಲ ಅನಿಸಿತು. ಮುಂದಿನ ತಿಂಗಳು ಫಾದರ್ ಜೊತೆ ಧರ್ಮಾಧ್ಯಕ್ಷರ ನಿವಾಸಕ್ಕೆ ಹೋಗಿ ಮಾತಾಡಿ ಬರುತ್ತೇನೆ. ಕೆಲಸ ಸದ್ಯಕ್ಕೆ ಬಿಡುತ್ತಿಲ್ಲ.

ಹೊನ್ನಾವರದ ಅಕ್ಕೋರು

ಕೆಲಸ ಬಿಡಬೇಡ. ಇವತ್ತು ನಿನ್ನ ಬಗ್ಗೆ ನನಗೆ ಸಮಾಧಾನ ಆಯಿತು. ಗುರುಮಠದವರು ಸೇರಿಸಿಕೊಂಡರೂ, ಬಿಟ್ಟರೂ.

ಪ್ರಶ್ನೆ ಕೇಳುವವ

ಅವಳ ಕಡೆಯ ಖರ್ಚು? ಹಾಲ್ ಅಡ್ವಾನ್ಸ್ ಏನಾದರೂ?

ಬೈತಖೋಲದ ಹುಡುಗ

ಹಾಲ್ ಇನ್ನೂ ಹಿಡಿದಿರಲಿಲ್ಲ. ಮದುವೆಗೆ ಮೊದಲು ಇಗರ್ಜಿಯಲ್ಲಿ ಇಬ್ಬರ ಹೆಸರು ಓದಿಸುವುದೂ ಶುರುವಾಗಿರಲಿಲ್ಲ. ಆದರೂ ಅವರಿಗೆ ಖರ್ಚಾದದ್ದನ್ನು ಕೊಡುತ್ತೇನೆ ಅಂತ ಅಪ್ಪನ ಕಡೆಯಿಂದಲೇ ಹೇಳಿಸಿದ್ದೇನೆ.

ಕುಮಟಾ ಸಂತೆ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಸಿಸ್ಟರ್, ಒಂದು ಪ್ರಶ್ನೆ. ನನ್ನ ಗಂಡ ತೀರಿಕೊಂಡು ಬಹಳ ವರ್ಷ ಆಯಿತು. ಮಗಳ ಮದುವೆ ಆಗಿದೆ, ಮಗ ಮಸ್ಕತ್‌ನಲ್ಲಿ ಇದ್ದಾನೆ. ಮೀನು ವ್ಯಾಪಾರ ಈಗ ಕಮ್ಮಿ ಮಾಡಿದ್ದೇನೆ. ನನ್ನಂಥವಳು ಕನ್ಯಾಮಠಕ್ಕೆ ಬರಬಹುದಾ? ನಗಬೇಡಿ.

ಹಳಿಯಾಳದ ಸಿಸ್ಟರ್

ನಗುವಂಥದ್ದೇನಿದೆ ಅಕ್ಕಾ? ಗಂಡ ಬದುಕಿದ್ದು ಮದುವೆ ನಿಂತಿರುವಾಗ ಸೇರಿಸಿಕೊಳ್ಳುವ ಹಾಗಿಲ್ಲ. ವಿಧವೆಯರಿಗೆ ಸಭೆಯ ಕಾನೂನಿನಲ್ಲಿ ಅಡ್ಡಿ ಇಲ್ಲ. ಅಡ್ಡಿ ಬರುವುದು ವಯಸ್ಸಿನದ್ದು. ಒಂದೊಂದು ಸಂಸ್ಥೆಗೆ ಒಂದೊಂದು ಮಿತಿ ಇದೆ, ನಮ್ಮದರಲ್ಲಿ ಬಹಳ ಬಿಗಿ. ಮನೆಯಲ್ಲೇ ಇದ್ದು ಬದುಕುವ ದಾರಿಗಳೂ ಇವೆ. ಫ್ರಾನ್ಸಿಸ್ಕನ್ ಮೂರನೇ ಸಭೆ ಕೇಳಿರಬಹುದು. ಅದರಲ್ಲಿ ಗೃಹಸ್ಥರು, ವಿಧವೆಯರು, ವ್ಯಾಪಾರ ಮಾಡುವವರು ಎಲ್ಲರೂ ಇದ್ದಾರೆ, ಮೀನು ಮಾರುವುದನ್ನೂ ಬಿಡಬೇಕಿಲ್ಲ. ನಿಮ್ಮ ವಯಸ್ಸು, ಆರೋಗ್ಯ, ಸಾಲ ಇದೆಯಾ ಇಲ್ಲವಾ ಇಷ್ಟನ್ನು ಇಲ್ಲಿ ಬೇಡ, ನನಗೆ ಖಾಸಗಿಯಾಗಿ ಬರೆಯಿರಿ. ಮಗನಿಗೂ ಮಗಳಿಗೂ ಹೇಳಿಯೇ ಬರೆಯಿರಿ.